ಯೂಜೀನ್ ಸ್ಯಾಂಡೋ

ಯೂಜೀನ್ ಸ್ಯಾಂಡೋ (೨ ಏಪ್ರಿಲ್ ೧೮೬೭ – ೧೪ ಅಕ್ಟೋಬರ್ ೧೯೨೫) ಪ್ರಷ್ಯಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಪ್ರಸಿದ್ಧ ಅಂಗಸಾಧಕ ಹಾಗೂ ವ್ಯಾಯಾಮ ಶಿಕ್ಷಕ. ಆಧುನಿಕ ದೇಹದಾರ್ಢ್ಯ ಕಲೆಯ ಪಿತಾಮಹನೆಂದು ಈತನನ್ನು ಕರೆಯುವುದು ವಾಡಿಕೆ. ಕಸರತ್ತು ಜಟ್ಟಿಗಳಿಗೂ ಸೈನಿಕರಿಗೂ ಮಾತ್ರ ಸೇರಿದ್ದಲ್ಲ, ಗುಮಾಸ್ತರು, ಗೃಹಿಣಿಯರು, ಶಾಲಾ ಮಕ್ಕಳು ಮೊದಲಾದ ಎಲ್ಲರ ಆರೋಗ್ಯಕ್ಕೂ ಬೇಕಾದ ದಿನಚರಿ ಎಂಬ ವಿಚಾರವನ್ನು ಜನಸಾಮಾನ್ಯರಲ್ಲಿ ಹರಡಿದವರ ಪೈಕಿ ಈತನು ಪ್ರಮುಖನು.

ಜನನ ಮತ್ತು ಬಾಲ್ಯ

ಸ್ಯಾಂಡೋ ಹುಟ್ಟಿದ್ದು ಅಂದಿನ ಪ್ರಷ್ಯಾದ ಕೋನಿಗ್ಸ್‌ಬರ್ಗ್ ನಗರದಲ್ಲಿ. ಈ ಊರು ಈಗ ಕಲಿನಿನ್‌ಗ್ರಾಡ್ ಎಂಬ ಹೆಸರಿನಿಂದ ರಷ್ಯಾಕ್ಕೆ ಸೇರಿದೆ. ಈತನ ಮೂಲ ಹೆಸರು ಫ್ರೀಡ್ರಿಕ್ ವಿಲ್‌ಹೆಲ್ಮ್ ಮ್ಯೂಲರ್. ತಾನು ಬಾಲ್ಯದಲ್ಲಿ ದುರ್ಬಲನಾಗಿದ್ದೆನೆಂದೂ, ತಂದೆಯೊಡನೆ ಇಟಲಿಗೆ ಹೋದಾಗ ಪ್ರಾಚೀನ ಶಿಲ್ಪಗಳ ಅಂಗಸೌಷ್ಠವವನ್ನು ಕಂಡು ತನ್ನ ದೇಹವನ್ನೂ ಹಾಗೆಯೇ ರೂಪಿಸಿಕೊಳ್ಳಲು ನಿಶ್ಚಯಿಸಿದೆನೆಂದೂ ಆತನು ಮುಂದೆ ಬರೆದುಕೊಂಡನು. ಈ ವೃತ್ತಾಂತದಲ್ಲಿ ಉತ್ಪ್ರೇಕ್ಷೆ ಇರಬಹುದೆಂಬುದು ಚರಿತ್ರಕಾರರ ಅಭಿಪ್ರಾಯ. ಆದರೆ ಗ್ರೀಕ್ ಮತ್ತು ರೋಮನ್ ಶಿಲ್ಪಗಳ ಸಮಪ್ರಮಾಣವೇ ಜೀವನದುದ್ದಕ್ಕೂ ಆತನ ಆದರ್ಶವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ.

ಪ್ರದರ್ಶನಗಳ ಕಾಲ

ಕಡ್ಡಾಯ ಸೈನಿಕ ಸೇವೆಯನ್ನು ತಪ್ಪಿಸಿಕೊಳ್ಳಲು ೧೮೮೫ರ ಹೊತ್ತಿಗೆ ಸ್ವದೇಶವನ್ನು ತೊರೆದ ಸ್ಯಾಂಡೋ, ಸರ್ಕಸ್ಸುಗಳಲ್ಲಿ ಬಲಪ್ರದರ್ಶನ ಮಾಡುತ್ತ ಯೂರೋಪಿನಲ್ಲಿ ಅಲೆದನು. ಬ್ರಸೆಲ್ಸ್ ನಗರದಲ್ಲಿ ಪ್ರೊಫೆಸರ್ ಅಟಿಲಾ ಎಂದು ಹೆಸರಾಗಿದ್ದ ಲುಡ್ವಿಗ್ ಡುರ್ಲಾಕರ್ ಈತನಿಗೆ ಗುರುವಾದನು. ಆ ಗುರುವಿನ ಪ್ರೋತ್ಸಾಹದಿಂದ ೧೮೮೯ರಲ್ಲಿ ಲಂಡನ್ನಿಗೆ ಬಂದು, ಅಲ್ಲಿ ಪ್ರಬಲರೆನಿಸಿದ್ದ ಸ್ಯಾಂಪ್ಸನ್ ಮತ್ತು ಸೈಕ್ಲಾಪ್ಸ್ ಎಂಬ ಮಲ್ಲರನ್ನು ಸೋಲಿಸಿದನು. ಒಂದೇ ದಿನದಲ್ಲಿ ಆತನ ಹೆಸರು ಮನೆಮಾತಾಯಿತು.

೧೮೯೩ರಲ್ಲಿ ಷಿಕಾಗೊ ನಗರದ ವಿಶ್ವಮೇಳದ ಸಂದರ್ಭದಲ್ಲಿ ಫ್ಲಾರೆನ್ಜ್ ಝೀಗ್‌ಫೆಲ್ಡ್ ಎಂಬ ಯುವ ವ್ಯವಸ್ಥಾಪಕನು ಈತನನ್ನು ರಂಗಕ್ಕೆ ತಂದನು. ಎತ್ತುವ ಭಾರಕ್ಕಿಂತ ಎತ್ತುವವನ ಮೈಕಟ್ಟನ್ನೇ ಪ್ರೇಕ್ಷಕರು ಹೆಚ್ಚು ಬೆರಗಿನಿಂದ ನೋಡುತ್ತಾರೆಂಬುದನ್ನು ಝೀಗ್‌ಫೆಲ್ಡ್ ಗುರುತಿಸಿದನು. ೧೮೯೪ರಲ್ಲಿ ಎಡಿಸನ್ನನ ಸ್ಟುಡಿಯೋದಲ್ಲಿ ಸ್ಯಾಂಡೋವಿನ ಅಂಗಭಂಗಿಗಳನ್ನು ಚಿತ್ರೀಕರಿಸಲಾಯಿತು. ಚಲನಚಿತ್ರದಲ್ಲಿ ಕಾಣಿಸಿಕೊಂಡ ಮೊದಲಿಗರಲ್ಲಿ ಈತನೂ ಒಬ್ಬನು.

ವ್ಯಾಯಾಮ ಪದ್ಧತಿ

ಕೀರ್ತಿಯ ಶಿಖರದಲ್ಲಿದ್ದಾಗಲೇ ಸ್ಯಾಂಡೋ ಬೋಧನೆಯತ್ತ ತಿರುಗಿದನು. ೧೮೯೭ರಲ್ಲಿ ಲಂಡನ್ನಿನಲ್ಲಿ ವ್ಯಾಯಾಮ ಸಂಸ್ಥೆಯೊಂದನ್ನು ತೆರೆದನು. ೧೮೯೮ರಲ್ಲಿ ವ್ಯಾಯಾಮಕ್ಕೇ ಮೀಸಲಾದ ಮಾಸಪತ್ರಿಕೆಯನ್ನು ಆರಂಭಿಸಿದನು. ದೂರದ ಊರಿನವರಿಗೆ ಅಂಚೆಯ ಮೂಲಕವೂ ಪಾಠಗಳು ಹೋಗುತ್ತಿದ್ದವು.

ಆತನ ಪದ್ಧತಿಯ ಮುಖ್ಯಾಂಶಗಳು ಹೀಗಿವೆ:

* ಹಗುರವಾದ ಡಂಬೆಲ್‌ಗಳಿಂದ ಒಂದೊಂದು ಚಲನೆಯನ್ನೂ ಹಲವು ಬಾರಿ ಮಾಡುವುದು.
* ಕೆಲಸ ಮಾಡುತ್ತಿರುವ ಸ್ನಾಯುವಿನ ಮೇಲೆ ಮನಸ್ಸನ್ನು ನಿಲ್ಲಿಸುವುದು.
* ಪ್ರತಿದಿನವೂ ಸ್ವಲ್ಪ ಕಾಲ ತಪ್ಪದೆ ಅಭ್ಯಾಸ ಮಾಡುವುದು.
* ವಯಸ್ಸು ಮತ್ತು ಶಕ್ತಿಗೆ ತಕ್ಕಂತೆ ಅಭ್ಯಾಸವನ್ನು ಕ್ರಮೇಣ ಹೆಚ್ಚಿಸುವುದು.
* ಅಭ್ಯಾಸದ ಮೊದಲೂ ಕೊನೆಯಲ್ಲೂ ದೇಹದ ಅಳತೆಗಳನ್ನು ಬರೆದಿಟ್ಟು ಹೋಲಿಸುವುದು.

ಕೈಗಾರಿಕಾ ನಗರಗಳಲ್ಲಿ ದಿನವಿಡೀ ಕುಳಿತು ದುಡಿಯುವ ಹೊಸ ವರ್ಗವೊಂದು ಆಗ ಬೆಳೆದಿತ್ತು. ಬೋಯರ್ ಯುದ್ಧಕ್ಕೆ ಸೇರಲು ಬಂದ ಯುವಕರಲ್ಲಿ ಅನೇಕರು ದೇಹದೌರ್ಬಲ್ಯದಿಂದ ತಿರಸ್ಕೃತರಾದದ್ದು ಬ್ರಿಟನ್ನಿನಲ್ಲಿ ಕಳವಳವನ್ನುಂಟುಮಾಡಿತ್ತು. ಕೋಣೆಯ ಮೂಲೆಯಲ್ಲೇ ನಿಂತು, ದುಬಾರಿ ಸಲಕರಣೆಗಳಿಲ್ಲದೆ ಮಾಡಬಹುದಾದ ಸ್ಯಾಂಡೋವಿನ ಕಸರತ್ತು ಇಂತಹ ಸಮಯದಲ್ಲಿ ಜನರಿಗೆ ಹಿಡಿಸಿತು. ೧೯೧೧ರಲ್ಲಿ ದೊರೆ ಐದನೆಯ ಜಾರ್ಜ್ ಈತನಿಗೆ ವ್ಯಾಯಾಮಶಾಸ್ತ್ರದ ರಾಜಬೋಧಕ ಪದವಿಯನ್ನು ನೀಡಿದನು.

೧೯೦೧ರ ಸ್ಪರ್ಧೆ

೧೯೦೧ರ ಸೆಪ್ಟೆಂಬರ್ ೧೪ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಸ್ಯಾಂಡೋ ಮಹಾಸ್ಪರ್ಧೆಯೊಂದನ್ನು ಏರ್ಪಡಿಸಿದನು. ಇದನ್ನು ಮೊದಲ ದೊಡ್ಡ ದೇಹದಾರ್ಢ್ಯ ಸ್ಪರ್ಧೆಯೆಂದು ಪರಿಗಣಿಸಲಾಗಿದೆ. ಶಿಲ್ಪಿ ಚಾರ್ಲ್ಸ್ ಲಾಸ್ ಮತ್ತು ಷರ್ಲಾಕ್ ಹೋಮ್ಸ್ ಕಥೆಗಳ ಕರ್ತೃ, ವೈದ್ಯ ಆರ್ಥರ್ ಕಾನನ್ ಡಾಯ್ಲ್ ಸ್ಯಾಂಡೋವಿನೊಡನೆ ತೀರ್ಪುಗಾರರಾಗಿದ್ದರು. ಸ್ನಾಯುಗಳ ಗಾತ್ರವೊಂದನ್ನೇ ನೋಡದೆ, ಅಂಗಗಳ ಸಮತೋಲ, ಚರ್ಮದ ಸ್ಥಿತಿ, ಒಟ್ಟು ಆರೋಗ್ಯ ಇವುಗಳಿಗೂ ಬೆಲೆ ಕೊಡಬೇಕೆಂಬುದು ಸ್ಪರ್ಧೆಯ ನಿಯಮವಾಗಿತ್ತು. ನಾಟಿಂಗ್‌ಹ್ಯಾಮ್‌ನ ವಿಲಿಯಂ ಮರ್ರಿ ಪ್ರಥಮ ಸ್ಥಾನ ಗಳಿಸಿದನು.

ಭಾರತದ ನಂಟು

ಸ್ಯಾಂಡೋ ೧೯೦೪–೦೫ರಲ್ಲಿ ಭಾರತದಲ್ಲಿ ಪ್ರವಾಸ ಮಾಡಿ ಪ್ರದರ್ಶನಗಳನ್ನು ನೀಡಿದನು. ಗರಡಿ ಸಾಧನೆ, ದಂಡ, ಬಸ್ಕಿಗಳ ಹಳೆಯ ಪರಂಪರೆಯಿದ್ದ ನಾಡಿನಲ್ಲಿ ಆತನ ಪದ್ಧತಿ ಹೊಸ ಕುತೂಹಲವನ್ನು ಮೂಡಿಸಿತು. ಸೂರ್ಯನಮಸ್ಕಾರವನ್ನು ವ್ಯಾಯಾಮವಾಗಿ ಪ್ರಚಾರ ಮಾಡಿದ ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿ, ಅದಕ್ಕೆ ಮೊದಲು ಹಲವು ವರ್ಷ ಸ್ಯಾಂಡೋ ಪದ್ಧತಿಯನ್ನೇ ಅಭ್ಯಾಸ ಮಾಡಿದ್ದನು. ಸ್ಯಾಂಡೋವಿನ ನಂತರದ ತಲೆಮಾರಿನಲ್ಲಿ, ಶಾಂತಲಾ ಕಾದಂಬರಿಯ ಕರ್ತೃವಾದ ಬೆಂಗಳೂರಿನ ಕೆ. ವಿ. ಅಯ್ಯರ್ ಅವರು ಪಾಶ್ಚಾತ್ಯ ಅಂಗಸಾಧನೆಯನ್ನು ಸೂರ್ಯನಮಸ್ಕಾರ ಮತ್ತು ಆಸನಗಳೊಡನೆ ಬೆಸೆದು ತಮ್ಮ ವ್ಯಾಯಾಮಶಾಲೆಯಲ್ಲಿ ಕಲಿಸಿದರು. ತೋಳಿಲ್ಲದ ಒಳ ಅಂಗಿಯನ್ನು ಇಂದಿಗೂ ಸ್ಯಾಂಡೋ ಬನಿಯನ್ ಎಂದು ಕರೆಯುತ್ತೇವೆ. ಈತನಾರೆಂದು ಅರಿಯದವರ ನಾಲಗೆಯ ಮೇಲೂ ಆತನ ಹೆಸರು ಹೀಗೆ ಉಳಿದಿದೆ.

ಕೊನೆಯ ವರ್ಷಗಳು

ಬೋಧನೆಯ ಜೊತೆಗೆ ಸ್ಯಾಂಡೋ ವ್ಯಾಪಾರವನ್ನೂ ಬೆಳೆಸಿದನು. ಡಂಬೆಲ್‌ಗಳಲ್ಲದೆ ಕೋಕೋ ಪುಡಿಯೂ ಆತನ ಹೆಸರಿನಲ್ಲಿ ಮಾರಾಟವಾಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಈ ಉದ್ಯಮ ಕುಸಿಯಿತು.

೧೯೨೫ರ ಅಕ್ಟೋಬರ್ ೧೪ರಂದು ತನ್ನ ೫೮ನೆಯ ವಯಸ್ಸಿನಲ್ಲಿ ಸ್ಯಾಂಡೋ ಲಂಡನ್ನಿನಲ್ಲಿ ನಿಧನನಾದನು. ಹಳ್ಳಕ್ಕೆ ಬಿದ್ದ ಕಾರನ್ನು ಒಬ್ಬನೇ ಎತ್ತಿದ್ದರಿಂದ ಮೆದುಳಿನಲ್ಲಿ ರಕ್ತಸ್ರಾವವಾಯಿತೆಂಬ ಕಥೆ ಪ್ರಚಲಿತವಾಗಿದೆ. ಮಹಾಅಪಧಮನಿಯ ಊತವೇ ಕಾರಣವೆಂಬ ಅಭಿಪ್ರಾಯವೂ ಉಂಟು. ಪತ್ನಿಯ ಇಚ್ಛೆಯಂತೆ ಪಟ್ನಿ ವೇಲ್ ಸ್ಮಶಾನದಲ್ಲಿದ್ದ ಆತನ ಸಮಾಧಿಗೆ ಹೆಸರಿನ ಕಲ್ಲನ್ನೂ ಇಡಲಿಲ್ಲ. ಅಲ್ಲಿ ಸ್ಮಾರಕಶಿಲೆ ಸ್ಥಾಪನೆಯಾದದ್ದು ಈ ಶತಮಾನದಲ್ಲಿ.

ಆರೋಗ್ಯ ವಿಚಾರಗಳ ಮೌಲ್ಯಮಾಪನ

ಸ್ಯಾಂಡೋ ಹೇಳಿದ್ದೆಲ್ಲವೂ ಸತ್ಯವಾಗಿರಲಿಲ್ಲ. ಅಜೀರ್ಣ, ನಿದ್ರಾಹೀನತೆ, ನರದೌರ್ಬಲ್ಯ ಮುಂತಾದ ಅನೇಕ ಕಾಯಿಲೆಗಳನ್ನು ವ್ಯಾಯಾಮದಿಂದಲೇ ಗುಣಪಡಿಸಬಹುದೆಂದು ಆತನ ಜಾಹೀರಾತುಗಳು ಸಾರುತ್ತಿದ್ದವು. ಅವುಗಳಿಗೆ ತಕ್ಕ ಪುರಾವೆ ಆಗ ಇರಲಿಲ್ಲ. ವ್ಯಾಯಾಮ ಮಾಡಿದವನಿಗೆ ರೋಗವೇ ಬಾರದೆಂಬ ಭ್ರಮೆಗೆ ಆತನ ಅಕಾಲ ಮರಣವೇ ಉತ್ತರವಾಯಿತು.

ಆದರೂ ಆತನ ಮೂಲ ನಿಲುವನ್ನು ನಂತರದ ವಿಜ್ಞಾನವು ಸಮರ್ಥಿಸಿದೆ. ೧೯೫೩ರಲ್ಲಿ ಜೆರೆಮಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಬಸ್ ನೌಕರರ ಅಧ್ಯಯನವನ್ನು ಪ್ರಕಟಿಸಿದರು. ಕುಳಿತು ಬಸ್ ಓಡಿಸುವ ಚಾಲಕರಿಗಿಂತ, ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ನಿರ್ವಾಹಕರಲ್ಲಿ ಹೃದ್ರೋಗವು ಕಡಿಮೆಯೆಂದು ಅದರಿಂದ ತಿಳಿದುಬಂತು. ನಿಯಮಿತ ವ್ಯಾಯಾಮವು ರಕ್ತದೊತ್ತಡ ಮತ್ತು ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡಲು, ಮೂಳೆಗಳ ಬಲವನ್ನು ಕಾಯಲು, ನಿದ್ರೆಯನ್ನೂ ಮನಸ್ಸಿನ ನೆಮ್ಮದಿಯನ್ನೂ ಉತ್ತಮಪಡಿಸಲು ನೆರವಾಗುತ್ತದೆ. ವಯಸ್ಕರು ವಾರಕ್ಕೆ ೧೫೦ರಿಂದ ೩೦೦ ನಿಮಿಷಗಳ ಮಧ್ಯಮ ಶ್ರಮದ ವ್ಯಾಯಾಮವನ್ನೂ, ಕನಿಷ್ಠ ಎರಡು ದಿನ ಸ್ನಾಯುಬಲ ಹೆಚ್ಚಿಸುವ ಅಭ್ಯಾಸವನ್ನೂ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಸೂಚಿಸಿದೆ.

ಮಿಸ್ಟರ್ ಒಲಿಂಪಿಯಾ ಸ್ಪರ್ಧೆಯ ವಿಜೇತರಿಗೆ ಇಂದು ಸ್ಯಾಂಡೋವಿನ ಕಂಚಿನ ಪ್ರತಿಮೆಯನ್ನು ನೀಡಲಾಗುತ್ತಿದೆ. ಅಸಾಧಾರಣ ದೇಹಗಳಿಗೆ ಸಲ್ಲುವ ಗೌರವವಿದು. ಆದರೆ ಹಗುರವಾದ ಭಾರ ಮತ್ತು ತಪ್ಪದ ಅಭ್ಯಾಸದಿಂದ ಸಾಧಾರಣ ದೇಹವೂ ಸ್ವಸ್ಥವಾಗಿ ಬಾಳಬಲ್ಲದೆಂದು ತೋರಿಸಿಕೊಟ್ಟದ್ದೇ ಆತನ ಹೆಚ್ಚಿನ ಸಾಧನೆಯಾಗಿದೆ.