ಗೂಢಚಾರನ ವೇಷದಲ್ಲಿ ರಾಜಕುಮಾರರು

ವರನಟ ರಾಜಕುಮಾರರ ಜೀವನವನ್ನು ಬರೆಯಹೊರಟವರು ಸಾಮಾನ್ಯವಾಗಿ ಬೇಡರ ಕಣ್ಣಪ್ಪನಿಂದ ಆರಂಭಿಸಿ, ಭಕ್ತರು, ಅರಸರು, ಕವಿಗಳು ಎಂಬ ರಾಜಮಾರ್ಗದಲ್ಲಿ ಸಾಗಿ, ‘ಬಂಗಾರದ ಮನುಷ್ಯ’ದಲ್ಲಿ ವಿಶ್ರಮಿಸುತ್ತಾರೆ. 1968ರಲ್ಲಿ ಅವರು ಕೋಟು ತೊಟ್ಟು, ಪಿಸ್ತೂಲು ಹಿಡಿದು, ಸಿ.ಐ.ಡಿ. 999 ಎಂಬ ಅಂಕಿತವನ್ನು ಧರಿಸಿದ ಸಂಗತಿಯನ್ನು ವಿನೋದವೆಂಬಂತೆ ಒಂದು ವಾಕ್ಯದಲ್ಲಿ ಮುಗಿಸುವುದುಂಟು. ನನಗಾದರೋ ಆ ಘಟ್ಟವೇ ಅವರ ಕಲಾಜೀವನದ ಅತ್ಯಂತ ಅಪಾಯದ ತಿರುವೆಂದು ತೋರುತ್ತದೆ.

ಮುತ್ತುರಾಜನೆಂಬ ಬಾಲಕ ಜನಿಸಿದ್ದು 1929ರ ಏಪ್ರಿಲ್ 24ರಂದು, ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ, ಇಂದು ತಮಿಳುನಾಡಿನ ಗಡಿಯೊಳಗಿರುವ ಗಾಜನೂರಿನಲ್ಲಿ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ವೀರಣ್ಣನವರ ನಾಟಕ ಮಂಡಳಿಯ ನಟರು. ಮಗನ ಓದು ಪ್ರಾಥಮಿಕ ಶಾಲೆಯಲ್ಲಿಯೇ ನಿಂತಿತು. ಮುಂದಿನ ವಿದ್ಯಾಭ್ಯಾಸವೆಲ್ಲ ರಂಗದ ಮೇಲೆಯೇ ನಡೆಯಿತು. 1954ರಲ್ಲಿ ಎಚ್.ಎಲ್.ಎನ್. ಸಿಂಹರ ‘ಬೇಡರ ಕಣ್ಣಪ್ಪ’ ಆತನನ್ನು ನಾಡಿಗೆ ಪರಿಚಯಿಸಿತು. ಆಮೇಲಿನ ಪಾತ್ರಗಳನ್ನು ನೋಡಿ: 1960ರಲ್ಲಿ ಕನಕದಾಸ, ಅದೇ ವರ್ಷ ರಣಧೀರ ಕಂಠೀರವ, 1965ರಲ್ಲಿ ಹರಿಶ್ಚಂದ್ರ, 1966ರಲ್ಲಿ ಮಂತ್ರಾಲಯದ ಗುರುಗಳು, 1967ರಲ್ಲಿ ಇಮ್ಮಡಿ ಪುಲಿಕೇಶಿ. ಜನರು ಆ ಮುಖವನ್ನು ಕಂಡಲ್ಲಿ ಕೈಮುಗಿಯುವ ಅಭ್ಯಾಸವನ್ನೇ ಮಾಡಿಕೊಂಡಿದ್ದರು.

ಇತ್ತ ಲೋಕದ ಗಾಳಿ ಬೇರೆಡೆಗೆ ಬೀಸತೊಡಗಿತ್ತು. ಇಯಾನ್ ಫ್ಲೆಮಿಂಗನ ಕಾದಂಬರಿಯಲ್ಲಿ 1953ರಲ್ಲಿ ಹುಟ್ಟಿದ ಜೇಮ್ಸ್ ಬಾಂಡ್ 1962ರಲ್ಲಿ ಬೆಳ್ಳಿತೆರೆಗೆ ಬಂದನು. ತೆಲುಗಿನಲ್ಲಿ 1966ರಲ್ಲಿ ‘ಗೂಢಚಾರಿ 116’, ಅದರ ಹಿಂದಿ ರೂಪ ‘ಫರ್ಜ್’ 1967ರಲ್ಲಿ ಬಂದವು. ಕನ್ನಡದಲ್ಲಿ ಈ ಸಾಹಸಕ್ಕೆ ಕೈಯಿಕ್ಕಿದವರು ದೊರೈ–ಭಗವಾನ್ ಜೋಡಿ. ಅವರು ತಮ್ಮ ‘ಜೇಡರ ಬಲೆ’ಗೆ ನಾಯಕನನ್ನಾಗಿ ಆರಿಸಿದ್ದು, ಎರಡೇ ವರ್ಷಗಳ ಹಿಂದೆ ಕಾವಿಯುಟ್ಟು ಪೂಜೆಗೊಂಡ ನಟನನ್ನು! ಚಿತ್ರ ಸೋತಿದ್ದರೆ ನಷ್ಟವಾಗುತ್ತಿದ್ದುದು ಹಣವೊಂದೇ ಅಲ್ಲ. ಹದಿನಾಲ್ಕು ವರ್ಷ ಕೂಡಿಟ್ಟ ಜನರ ನಂಬಿಕೆಗೇ ಊನ ಬರುತ್ತಿತ್ತು.

ಗೂಢಚಾರ ಚಿತ್ರಕ್ಕೆ ಅದರದೇ ಆದ ಕಟ್ಟಳೆಗಳಿವೆ. ಎಲ್ಲರೂ ಹಂಬಲಿಸುವ ಒಂದು ರಹಸ್ಯವಸ್ತು ಬೇಕು. ನಾಯಕನಿಗೆ ಮೇಲಿನಿಂದ ಕರೆ ಬರಬೇಕು. ಮಿತ್ರಳೋ ಶತ್ರುವೋ ತಿಳಿಯದ ಸುಂದರಿ, ಸೆರೆಯಾಗುವ ಗಳಿಗೆ, ಕೊನೆಯ ಕ್ಷಣದ ಬಿಡುಗಡೆ, ಇವೂ ಬೇಕು. ಆ ವಸ್ತು ಏನೆಂಬುದು ಮುಖ್ಯವಲ್ಲ, ಅದಕ್ಕಾಗಿ ನಡೆಯುವ ಓಟವೇ ಮುಖ್ಯವೆಂದು ಬಲ್ಲವರು ಹೇಳುತ್ತಾರೆ. ‘ಜೇಡರ ಬಲೆ’ಯ ಮಟ್ಟಿಗೆ ನಾನು ಇದನ್ನು ಪೂರ್ಣ ಒಪ್ಪಲಾರೆ. ಅಲ್ಲಿಯ ರಹಸ್ಯ, ಲೋಹವನ್ನು ಚಿನ್ನವಾಗಿಸುವ ವಿಜ್ಞಾನಿಯ ಸೂತ್ರ. ಪರುಷಮಣಿಯ ಕಥೆ ಕೇಳಿ ಬೆಳೆದ ನಮ್ಮ ಜನಕ್ಕೆ ಅದು ಹೊಸದಲ್ಲ. ಅಷ್ಟೇ ಅಲ್ಲ, 1963ರಿಂದ ಚಿನ್ನದ ಮೇಲೆ ಸರ್ಕಾರದ ನಿಯಂತ್ರಣವಿದ್ದು, ಚಿತ್ರ ಬಂದ 1968ರಲ್ಲೇ ಅದು ಶಾಸನವೂ ಆಯಿತು. ಮಗಳ ಮದುವೆಗೆ ಬಂಗಾರವನ್ನು ಹೊಂದಿಸಲು ಪರದಾಡುತ್ತಿದ್ದ ಗೃಹಸ್ಥನಿಗೆ ಆ ಸೂತ್ರದ ಬೆಲೆಯನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಈ ಬಗೆಯ ಕಥೆ ಪಶ್ಚಿಮದಿಂದಲೇ ಬಂತೆಂದು ಹಳಿಯುವವರಿಗೆ ಕೆಂಪುನಾರಾಯಣನ ‘ಮುದ್ರಾಮಂಜೂಷ’ವನ್ನು ನೆನಪಿಸಬೇಕು. 1823ರ ಆ ಗದ್ಯಕೃತಿಯಲ್ಲಿ ಚಾಣಕ್ಯನ ಚಾರರಿದ್ದಾರೆ, ವೇಷಾಂತರವಿದೆ, ರಾಕ್ಷಸನ ಮುದ್ರೆಯುಂಗುರವೆಂಬ ವಸ್ತುವೊಂದು ರಾಜ್ಯದ ಭವಿಷ್ಯವನ್ನೇ ತಿರುಗಿಸುತ್ತದೆ. ನಮ್ಮ ಹುಲೇಕಲ್ಲಿನ ಸುತ್ತಿನ ಅಡಕೆ ತೋಟಿಗರು ರಾತ್ರಿಯಿಡೀ ಕುಳಿತು ನೋಡುವ ಯಕ್ಷಗಾನದಲ್ಲಿ ಲಂಕೆಯನ್ನು ಹೊಕ್ಕ ಹನುಮಂತನೂ ಒಬ್ಬ ಚಾರನೇ ಅಲ್ಲವೆ? ಅವನು ಉಂಗುರ ಕೊಟ್ಟು, ಸಿಕ್ಕಿಬಿದ್ದು, ಸುಟ್ಟು, ಪಾರಾಗಿ ಬರುವನೆಂಬುದು ಎಲ್ಲರಿಗೂ ಗೊತ್ತು. ಆದರೂ ಯಾರೂ ನಿದ್ದೆ ಮಾಡುವುದಿಲ್ಲ. ನಾಯಕನು ಸಾಯಲಾರನೆಂದು ತಿಳಿದೂ ಉಸಿರು ಬಿಗಿಹಿಡಿಯುವ ಪ್ರೇಕ್ಷಕನು ಈ ನೆಲದಲ್ಲಿ ಮೊದಲೇ ಸಿದ್ಧನಾಗಿದ್ದನು. ಎಳವೆಯಲ್ಲಿ, ಇಂಥ ಚಿತ್ರವೊಂದನ್ನು ದೂರದರ್ಶನದಲ್ಲಿ ನೋಡುತ್ತಿದ್ದಾಗ, ಪಕ್ಕದ ಮನೆಯ ಅಜ್ಜನೊಬ್ಬ ಪ್ರತಿ ಹೊಡೆದಾಟದ ಆರಂಭಕ್ಕೂ ಚಂಡೆ ಬೀಳಬೇಕಿತ್ತೆಂದು ಗೊಣಗಿದ್ದು ಈಗಲೂ ನೆನಪಿದೆ.

ರಾಜಕುಮಾರರು ಗೆದ್ದದ್ದು ಪಾಶ್ಚಾತ್ಯ ಚಾರನ ಲಂಪಟತನವನ್ನು ಹೊರಗಿಟ್ಟು, ಚಾತುರ್ಯವನ್ನಷ್ಟೇ ಒಳಗೆ ತಂದುದರಿಂದ. ಕಂಪನಿ ನಾಟಕದಲ್ಲಿ ಪಳಗಿದ ದೇಹ, ಸ್ಫುಟವಾದ ನುಡಿ, ಹೆಂಗಸರೊಡನೆ ಗೌರವದ ಅಂತರ, ಇವೆಲ್ಲ ಕೋಟಿನೊಳಗೂ ಉಳಿದವು. ಜಯಂತಿಯವರ ಎದುರು ನಿಂತಾಗಲೂ ಆತ ಮನೆಯ ಮಗನಂತೆಯೇ ಕಾಣುತ್ತಾರೆ. ಗೆಲವು ಎಷ್ಟಿತ್ತೆಂದರೆ ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ ಬಂದವು. ಕಾರವಾರದಿಂದ ಕೂಗಳತೆಯಲ್ಲಿದ್ದೂ 1961ರ ಡಿಸೆಂಬರಿನವರೆಗೆ ಪರದೇಶವಾಗಿದ್ದ ಗೋವಾ, ನಮ್ಮ ಜಿಲ್ಲೆಯವರಿಗೆ ಸಹಜವಾಗಿಯೇ ರಹಸ್ಯಗಳ ಬೀಡು. ಮಧ್ಯೆ ಹಾಡುಗಳು ಬಂದು ಬಿಗುವು ಸಡಿಲುವುದು, ಖಳರ ಅಡಗುದಾಣ ರಟ್ಟಿನ ಗೋಡೆಯೆಂದು ತಿಳಿದುಬಿಡುವುದು ಇತ್ಯಾದಿ ದೋಷಗಳನ್ನು ನಾನು ಮುಚ್ಚಿಡುವುದಿಲ್ಲ. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಬಣ್ಣ ಪಡೆಯಿತು, ಮೊದಲಿನ ಹುರುಪನ್ನು ಪಡೆಯಲಿಲ್ಲ. ದೊರೈ–ಭಗವಾನರೇ ಅಷ್ಟರಲ್ಲಿ ‘ಕಸ್ತೂರಿ ನಿವಾಸ’, ‘ಎರಡು ಕನಸು’ಗಳ ದಾರಿ ಹಿಡಿದಿದ್ದರು.

ಮನ್ನಣೆಗಳು ಸಾಲಾಗಿ ಬಂದವು: 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್, 1983ರಲ್ಲಿ ಪದ್ಮಭೂಷಣ, ಬಳಿಕ ಫಾಲ್ಕೆ ಪ್ರಶಸ್ತಿ. 1982ರ ಗೋಕಾಕ್ ಚಳವಳಿಯಲ್ಲಿ ಅವರು ಬೀದಿಗಿಳಿದಾಗ ಇಡೀ ನಾಡು ಹಿಂದೆ ನಡೆಯಿತು.

2000ದ ಜುಲೈ 30ರ ರಾತ್ರಿ, ಹುಟ್ಟೂರಾದ ಗಾಜನೂರಿನ ತೋಟದ ಮನೆಗೆ ವೀರಪ್ಪನ್ ಬಂದನು. ಎಪ್ಪತ್ತೊಂದು ವಯಸ್ಸಿನ ನಟನನ್ನು ಕಾಡಿಗೆ ಒಯ್ದನು. ಧ್ವನಿಸುರುಳಿಗಳಲ್ಲಿ ಸಂದೇಶ, ದೂತರ ಓಡಾಟ, ಎರಡು ಸರ್ಕಾರಗಳ ಗುಟ್ಟಿನ ಮಾತುಕತೆ: ಕಟ್ಟಳೆಗಳೆಲ್ಲ ಇದ್ದವು, ಅಂತ್ಯವೊಂದನ್ನು ಯಾರೂ ಬರೆದಿಟ್ಟಿರಲಿಲ್ಲ. ಬೆಂಗಳೂರು ಸ್ತಬ್ಧವಾಯಿತು. ಹಳ್ಳಿಹಳ್ಳಿಗಳಲ್ಲಿ ಹರಕೆ ಹೊತ್ತವರಿದ್ದರು. ನೂರೆಂಟು ದಿನಗಳ ಮೇಲೆ, ನವೆಂಬರ್ 15ರಂದು, ಬಿಡುಗಡೆಯಾಯಿತು.

2006ರ ಏಪ್ರಿಲ್ 12ರಂದು ಬೆಂಗಳೂರಿನಲ್ಲಿ ಅವರು ಕಾಲವಾದರು. ಅವರ ಇಚ್ಛೆಯಂತೆ ಕಣ್ಣುಗಳನ್ನು ದಾನ ಮಾಡಲಾಯಿತು.