ನೆಹೆಮೀಯ: ಗೋಡೆ ಕಟ್ಟಿದವನ ಬಾಳು ನಮಗೆ ಕಲಿಸುವ ಪಾಠ

ನಮ್ಮ ದೇವಾಲಯಕ್ಕೆ ನೂರು ವರುಷ ತುಂಬಿದ ಈ ಶುಭ ಸಂದರ್ಭದಲ್ಲಿ ಅದನ್ನು ಕಟ್ಟಿದ ಹಿರಿಯರನ್ನು ಸ್ಮರಿಸುವುದು ನಮ್ಮೆಲ್ಲರ ಕರ್ತವ್ಯ. ಸ್ಮರಣೆಯೊಂದಿಗೆ ಒಂದು ಪ್ರಶ್ನೆಯನ್ನೂ ನಾವು ಕೇಳಿಕೊಳ್ಳಬೇಕಾಗಿದೆ. ಕಲ್ಲು ಗಾರೆಗಳಿಂದ ದೇವಾಲಯ ಎದ್ದು ನಿಲ್ಲುತ್ತದೆ. ಅದರೊಳಗೆ ಸೇರುವ ಜನ ಯಾವುದರಿಂದ ಒಂದಾಗಿ ನಿಲ್ಲುತ್ತಾರೆ? ಇದರ ಉತ್ತರವನ್ನು ಪವಿತ್ರ ಗ್ರಂಥದ ಮಹಾಪುರುಷನೊಬ್ಬನ ಬಾಳಿನಲ್ಲಿ ಕಾಣಬಹುದು. ಆತನೇ ನೆಹೆಮೀಯ. ಆತ ಪ್ರವಾದಿಯಲ್ಲ, ಯಾಜಕನಲ್ಲ, ಅರಸನೂ ಅಲ್ಲ. ಪರದೇಶದ ಅರಮನೆಯಲ್ಲಿ ಉದ್ಯೋಗದಲ್ಲಿದ್ದ ಒಬ್ಬ ಶ್ರೀಸಾಮಾನ್ಯ ವಿಶ್ವಾಸಿ. ಹಳೆಯ ಒಡಂಬಡಿಕೆಯಲ್ಲಿ ಆತನ ಹೆಸರಿನಲ್ಲಿರುವ ಗ್ರಂಥದ ಬಹುಭಾಗವು ಆತನೇ ಬರೆದಿಟ್ಟ ದಿನಚರಿಯಂತಿದೆ.

ಅರಮನೆಯಲ್ಲಿ ಅಳು

ಕ್ರಿ.ಪೂ. ೫೮೭ರ ಸುಮಾರಿಗೆ ಬಾಬಿಲೋನಿಯದ ಅರಸ ನೆಬೂಕದ್ನೆಚ್ಚರನ ಸೈನ್ಯವು ಜೆರುಸಲೇಮನ್ನು ಸುಟ್ಟು, ಗೋಡೆಗಳನ್ನು ಕೆಡವಿ, ಜನರನ್ನು ಸೆರೆಯೊಯ್ದಿತು. ಸುಮಾರು ಐವತ್ತು ವರ್ಷಗಳ ನಂತರ ಬಾಬಿಲೋನನ್ನು ಗೆದ್ದ ಪರ್ಷಿಯದ ಚಕ್ರವರ್ತಿ ಸೈರಸನು ಸೆರೆಯಾಳುಗಳಿಗೆ ಮರಳಲು ಅಪ್ಪಣೆ ಕೊಟ್ಟನು. ಮರಳಿದವರು ಬಡತನದ ನಡುವೆಯೇ ದೇವಾಲಯವನ್ನು ಕಟ್ಟಿ, ಕ್ರಿ.ಪೂ. ೫೧೫ರಲ್ಲಿ ಪೂರೈಸಿದರು. ಆದರೆ ಎಪ್ಪತ್ತು ವರ್ಷಗಳು ಕಳೆದರೂ ಊರಿಗೆ ಗೋಡೆಯಿರಲಿಲ್ಲ. ದೇವಾಲಯವಿತ್ತು, ಬಲಿಯಿತ್ತು, ಹಬ್ಬಗಳಿದ್ದವು. ಅವುಗಳ ಸುತ್ತ ಬಾಳುವ ಜನ ಮಾತ್ರ ಚದರಿ, ಬೆದರಿ, ನಿಂದೆಗೆ ಗುರಿಯಾಗಿದ್ದರು.

ಮೊದಲನೆಯ ಅರ್ತಷಸ್ತ ಚಕ್ರವರ್ತಿಯ ಆಳ್ವಿಕೆಯ ಇಪ್ಪತ್ತನೆಯ ವರ್ಷ. ಇಂದಿನ ಇರಾನಿನ ನೈರುತ್ಯ ಭಾಗದಲ್ಲಿದ್ದ ಶೂಷನ್ ಕೋಟೆಯಲ್ಲಿ ಹಕಲ್ಯನ ಮಗ ನೆಹೆಮೀಯನು ಚಕ್ರವರ್ತಿಯ ಪಾನಸೇವಕನಾಗಿದ್ದನು. ದೊರೆಯ ಪಾತ್ರೆಯಲ್ಲಿ ವಿಷ ಬೆರೆಯದಂತೆ ಕಾಯುವ ಈ ಕೆಲಸವು ಅತಿ ನಂಬಿಕಸ್ಥರಿಗೆ ಮಾತ್ರ ದೊರೆಯುವಂಥದು. ಅನ್ನಕ್ಕೆ ಕೊರತೆಯಿಲ್ಲ, ಗೌರವಕ್ಕೆ ಕೊರತೆಯಿಲ್ಲ. ಅಂಥವನ ಬಳಿಗೆ ಒಂದು ಚಳಿಗಾಲದಲ್ಲಿ ಅವನ ಸಹೋದರ ಹನಾನಿಯೂ ಇತರರೂ ಜುದೇಯ ನಾಡಿನಿಂದ ಬಂದರು. ಅವರ ಬಾಯಿಂದ ಊರಿನ ದುಸ್ಥಿತಿಯನ್ನು ಕೇಳಿದ ನೆಹೆಮೀಯನು ಕುಳಿತು ಅತ್ತನು. ಹಲವು ದಿನ ಉಪವಾಸವಿದ್ದು ಪ್ರಾರ್ಥಿಸಿದನು. ಆ ಪ್ರಾರ್ಥನೆಯಲ್ಲಿ ಆತ ಪೂರ್ವಿಕರ ಪಾಪಗಳ ಪಟ್ಟಿ ಮಾಡಿ ತಾನು ದೂರ ನಿಲ್ಲಲಿಲ್ಲ; ತಾನೂ ತನ್ನ ಮನೆತನವೂ ಪಾಪ ಮಾಡಿದ್ದೇವೆಂದು ಒಪ್ಪಿಕೊಂಡನು.

ಪ್ರಾರ್ಥನೆಯಿಂದ ಕಾರ್ಯಕ್ಕೆ ನಾಲ್ಕು ತಿಂಗಳು ಹಿಡಿಯಿತು. ವಸಂತ ಮಾಸದಲ್ಲಿ ಒಂದು ದಿನ ದ್ರಾಕ್ಷಾರಸ ನೀಡುವಾಗ ಆತನ ಮುಖ ಬಾಡಿರುವುದನ್ನು ಚಕ್ರವರ್ತಿ ಗಮನಿಸಿ ಕಾರಣ ಕೇಳಿದನು. ನೆಹೆಮೀಯನಿಗೆ ಬಹಳ ಭಯವಾಯಿತು. ಹಿಂದೆ ಜೆರುಸಲೇಮಿನ ಕಟ್ಟಡ ಕಾರ್ಯವನ್ನು ನಿಲ್ಲಿಸುವಂತೆ ಆಜ್ಞೆ ಹೊರಡಿಸಿದವನು ಅರ್ತಷಸ್ತನೇ ಎಂದು ಎಜ್ರನ ಗ್ರಂಥ ತಿಳಿಸುತ್ತದೆ. ಆದರೂ ಆತ ಮನಸ್ಸಿನಲ್ಲೇ ದೇವರನ್ನು ನೆನೆದು, ಊರಿಗೆ ಹೋಗಿ ಕಟ್ಟಲು ಅನುಮತಿ ಬೇಡಿದನು. ಎಷ್ಟು ಕಾಲ ಬೇಕೆಂಬುದನ್ನು ಹೇಳಿದನು. ದಾರಿಯಲ್ಲಿನ ರಾಜ್ಯಪಾಲರಿಗೆ ಪತ್ರಗಳನ್ನೂ, ಮರಮುಟ್ಟುಗಳಿಗಾಗಿ ಅರಸನ ಅರಣ್ಯಪಾಲಕ ಆಸಾಫನಿಗೆ ಒಂದು ಪತ್ರವನ್ನೂ ಕೇಳಿ ಪಡೆದನು. ಭಕ್ತಿಯುಳ್ಳವನಿಗೆ ಲೆಕ್ಕಾಚಾರ ಬೇಡವೆಂದು ಭಾವಿಸುವವರು ಇದನ್ನು ಗಮನಿಸಬೇಕು. ನಾಲ್ಕು ತಿಂಗಳು ಮೊಣಕಾಲೂರಿದವನು ಎಷ್ಟು ತೊಲೆ ಬೇಕೆಂಬುದನ್ನೂ ಯೋಚಿಸಿದ್ದನು.

ಮನೆಯೆದುರಿನ ಗೋಡೆ

ಜೆರುಸಲೇಮನ್ನು ಸೇರಿದ ಮೇಲೆ ಮೂರು ದಿನ ಆತ ಯಾರಿಗೂ ಏನನ್ನೂ ಹೇಳಲಿಲ್ಲ. ರಾತ್ರಿ ಕೆಲವೇ ಜನರೊಂದಿಗೆ ಹೊರಟು, ಬಿದ್ದ ಗೋಡೆಯನ್ನೂ ಸುಟ್ಟ ಬಾಗಿಲುಗಳನ್ನೂ ಪರೀಕ್ಷಿಸಿದನು. ಒಂದು ಕಡೆಯಲ್ಲಿ ಕಲ್ಲಿನ ರಾಶಿಯಿಂದಾಗಿ ಆತ ಏರಿದ್ದ ವಾಹನಪಶುವಿಗೆ ಮುಂದೆ ಹೋಗಲು ದಾರಿಯೇ ಇರಲಿಲ್ಲ. ಹೀಗೆ ಕಣ್ಣಾರೆ ಕಂಡ ನಂತರವೇ ಜನರನ್ನು ಕರೆದು ಮಾತನಾಡಿದನು. ಅವರೂ ಮನಸ್ಸು ಮಾಡಿ ಕೈಜೋಡಿಸಿದರು.

ನೆಹೆಮೀಯನ ಗ್ರಂಥದ ಮೂರನೆಯ ಅಧ್ಯಾಯವನ್ನು ಬರೀ ಹೆಸರುಗಳ ಪಟ್ಟಿಯೆಂದು ಎಷ್ಟೋ ಮಂದಿ ದಾಟಿಬಿಡುತ್ತಾರೆ. ಶತಮಾನೋತ್ಸವದ ವರ್ಷದಲ್ಲಿ ನಾವು ನಿಧಾನವಾಗಿ ಓದಬೇಕಾದ ಅಧ್ಯಾಯವೇ ಅದು. ಮಹಾಯಾಜಕ ಎಲ್ಯಾಷೀಬನೂ ಅವನ ಸಹಯಾಜಕರೂ ಮೊದಲು ಕೈಹಾಕಿ ಕುರಿಬಾಗಿಲನ್ನು ಕಟ್ಟಿದರು. ಅಕ್ಕಸಾಲಿಗರು, ಸುಗಂಧದ್ರವ್ಯ ತಯಾರಿಸುವವರು, ವರ್ತಕರು ತಮಗೆ ಅಭ್ಯಾಸವಿಲ್ಲದ ಕಲ್ಲುಕೆಲಸಕ್ಕೆ ಇಳಿದರು. ಶಲ್ಲೂಮನೆಂಬ ಅಧಿಕಾರಿಯೊಂದಿಗೆ ಅವನ ಹೆಣ್ಣುಮಕ್ಕಳೂ ದುಡಿದರು. ಒಂದು ಜಿಲ್ಲೆಯ ಒಡೆಯನಾಗಿದ್ದ ಮಲ್ಕೀಯನು ತಿಪ್ಪೆಬಾಗಿಲನ್ನು ದುರಸ್ತಿ ಮಾಡಿದನು. ಊರಿನ ಕಸ ಹೊರಹೋಗುವ ಬಾಗಿಲು ತನ್ನ ಅಂತಸ್ತಿಗೆ ಕಡಿಮೆಯೆಂದು ಅವನು ಭಾವಿಸಲಿಲ್ಲ. ತೆಕೋವ ಊರಿನ ಶ್ರೀಮಂತರು ಮಾತ್ರ ಈ ಸೇವೆಗೆ ಕತ್ತು ಬಗ್ಗಿಸಲಿಲ್ಲ. ಆದರೆ ಅದೇ ತೆಕೋವದ ಸಾಮಾನ್ಯ ಜನರ ಹೆಸರು ಪಟ್ಟಿಯಲ್ಲಿ ಎರಡು ಸಲ ಬರುತ್ತದೆ. ತಮ್ಮ ಪಾಲನ್ನು ಮುಗಿಸಿ ಅವರು ಇನ್ನೊಂದು ಭಾಗವನ್ನೂ ಕಟ್ಟಿದರು. ಊರ ದೊಡ್ಡವರು ಬರಲಿಲ್ಲವೆಂಬ ನೆಪ ಅವರಿಗೆ ಬೇಕಾಗಲಿಲ್ಲ.

ಈ ಪಟ್ಟಿಯಲ್ಲಿ ಮತ್ತೆ ಮತ್ತೆ ಬರುವ ಮಾತು ಇನ್ನೊಂದುಂಟು: ಹಲವರು ತಮ್ಮ ತಮ್ಮ ಮನೆಗಳ ಎದುರಿನ ಗೋಡೆಯನ್ನು ಕಟ್ಟಿದರು. ಗೋಡೆ ಕಾಯುವುದು ಯಾರನ್ನು ಎಂಬುದನ್ನು ತಿಳಿಯಲು ಅವರು ತಿರುಗಿ ನೋಡಿದರೆ ಸಾಕಾಗಿತ್ತು. ಹೊಸ್ತಿಲಲ್ಲಿ ಅವರ ಮಕ್ಕಳಿದ್ದರು. ನಮ್ಮಲ್ಲಿ ಸಂಘ ಸಂಸ್ಥೆಗಳ ಕಾರ್ಯಕ್ಕೆ ಓಡಾಡುವ ಉತ್ಸಾಹಿಗಳಿದ್ದಾರೆ. ಅವರ ಸೇವೆ ಸ್ತುತ್ಯವಾದುದು. ಆದರೆ ಮನೆಯ ವೃದ್ಧ ತಾಯಿಯೊಂದಿಗೆ ಎರಡು ಮಾತಾಡಲು ಬಿಡುವಿಲ್ಲದೆ ಊರಿನ ಕಾರ್ಯಕ್ಕೆ ಓಡುವುದಾದರೆ, ಎದುರಿನ ಗೋಡೆ ಬಿದ್ದೇ ಇರುತ್ತದೆ.

ಹೊರಗಿನ ವೈರಿಗಳೂ ಸುಮ್ಮನಿರಲಿಲ್ಲ. ಸನ್ಬಲ್ಲಟ, ಟೋಬೀಯ, ಅರಬನಾದ ಗೆಷೆಮ ಎಂಬವರು ಮೊದಲು ಹಾಸ್ಯ ಮಾಡಿದರು. ನರಿ ಹತ್ತಿದರೂ ಕುಸಿಯುವ ಗೋಡೆಯೆಂದು ನಕ್ಕರು. ನಗು ಫಲಿಸದಿದ್ದಾಗ ಆಕ್ರಮಣದ ಸಂಚು ಹೂಡಿದರು. ಈ ಸನ್ಬಲ್ಲಟನು ಕಲ್ಪನೆಯ ವ್ಯಕ್ತಿಯಲ್ಲ. ಈಜಿಪ್ಟಿನ ಎಲಿಫೆಂಟೈನ್ ದ್ವೀಪದಲ್ಲಿ ದೊರೆತ, ಕ್ರಿ.ಪೂ. ೪೦೭ರ ಪತ್ರವೊಂದರಲ್ಲಿ ಸಮಾರಿಯದ ರಾಜ್ಯಪಾಲನಾಗಿ ಅವನ ಹೆಸರೂ, ಅವನ ಇಬ್ಬರು ಮಕ್ಕಳ ಹೆಸರೂ ಇವೆ. ಇಂಥ ಬಲಶಾಲಿಯ ಎದುರಿನಲ್ಲಿ ನೆಹೆಮೀಯನು ಪ್ರಾರ್ಥಿಸಿದನು, ಹಗಲಿರುಳು ಕಾವಲನ್ನೂ ಇಟ್ಟನು. ಅವನ ಆಳುಗಳಲ್ಲಿ ಅರ್ಧ ಜನ ಕಟ್ಟಿದರು, ಅರ್ಧ ಜನ ಈಟಿ ಹಿಡಿದು ನಿಂತರು.

ಒಳಗಿನ ಬಿರುಕು

ಗೋಡೆ ಅರ್ಧ ಎತ್ತರಕ್ಕೆ ಎದ್ದಿದೆ, ವೈರಿ ಹೊಂಚು ಹಾಕಿದ್ದಾನೆ, ಇನ್ನೇನು ಕೆಲಸ ಮುಗಿಯಬೇಕು ಎನ್ನುವಾಗ ಐದನೆಯ ಅಧ್ಯಾಯದಲ್ಲಿ ಒಂದು ಗೋಳು ಕೇಳಿಬರುತ್ತದೆ. ಗೋಳಿಟ್ಟವರು ಕಲ್ಲು ಹೊರುತ್ತಿದ್ದ ಬಡವರೂ ಅವರ ಹೆಂಡಿರೂ. ಅವರ ದೂರು ವೈರಿಗಳ ಮೇಲಲ್ಲ, ಸ್ವಂತ ಕುಲಬಾಂಧವರ ಮೇಲೆ. ಬರಗಾಲದಲ್ಲಿ ಕಾಳಿಗಾಗಿ ಹೊಲ, ದ್ರಾಕ್ಷಿತೋಟ, ಮನೆಗಳನ್ನು ಅಡವಿಟ್ಟವರು ಕೆಲವರು. ಅರಸನ ತೆರಿಗೆ ಕಟ್ಟಲು ಸಾಲ ಮಾಡಿದವರು ಕೆಲವರು. ಸಾಲ ತೀರದೆ ಮಕ್ಕಳನ್ನು ಜೀತಕ್ಕೆ ಕೊಟ್ಟವರೂ ಇದ್ದರು. ಕೆಲವು ಹೆಣ್ಣುಮಕ್ಕಳು ಆಗಲೇ ದಾಸಿಯರಾಗಿದ್ದರು. ಹಗಲಲ್ಲಿ ಭುಜಕ್ಕೆ ಭುಜ ಕೊಟ್ಟು ಗೋಡೆ ಕಟ್ಟುವ ಒಡೆಯ, ಸಂಜೆ ಅದೇ ಜೊತೆಗಾರನ ಮಗಳನ್ನು ಸಾಲಕ್ಕಾಗಿ ಹಿಡಿದಿಟ್ಟಿದ್ದನು.

ನೆಹೆಮೀಯನಿಗೆ ಕಡುಕೋಪ ಬಂದಿತು. ಆದರೆ ಆತ ಕೋಪದಲ್ಲೇ ಬಾಯಿ ತೆರೆಯಲಿಲ್ಲ. ಮೊದಲು ತನ್ನೊಳಗೆ ಆಲೋಚಿಸಿದನು. ಅನಂತರ ಶ್ರೀಮಂತರನ್ನೂ ಅಧಿಕಾರಿಗಳನ್ನೂ ನೇರವಾಗಿ ಆಪಾದಿಸಿ, ಅವರ ವಿರುದ್ಧ ಮಹಾಸಭೆಯನ್ನು ಕೂಡಿಸಿದನು. ಅನ್ಯರಿಗೆ ಮಾರಾಟವಾದ ಸಹೋದರರನ್ನು ಬಿಡಿಸಿ ತಂದಿರುವಾಗ, ಅವರನ್ನೇ ಮತ್ತೆ ಮಾರುವುದು ಎಂಥ ನ್ಯಾಯವೆಂದು ಕೇಳಿದನು. ಅವರು ಮೌನವಾದರು. ಆಗ ಆತ ತಾನೂ ತನ್ನ ಸಹೋದರರೂ ಸೇವಕರೂ ಜನರಿಗೆ ಹಣವನ್ನೂ ಧಾನ್ಯವನ್ನೂ ಸಾಲ ಕೊಟ್ಟಿರುವುದನ್ನು ಮರೆಮಾಚದೆ ಹೇಳಿ, ಈ ವ್ಯವಹಾರವನ್ನು ಎಲ್ಲರೂ ಬಿಟ್ಟುಬಿಡೋಣವೆಂದನು. ಹೊಲ, ತೋಟ, ಮನೆಗಳನ್ನೂ, ನೂರಕ್ಕೆ ಒಂದರಂತೆ ವಸೂಲು ಮಾಡಿದ್ದನ್ನೂ ಅದೇ ದಿನ ಹಿಂದಿರುಗಿಸುವಂತೆ ಕೇಳಿದನು. ಅದೇ ದಿನ ಎಂಬುದನ್ನು ನಾವು ಮನಗಾಣಬೇಕು. ಗೋಡೆ ಮುಗಿದ ಮೇಲೆ, ಬೆಳೆ ಬಂದ ಮೇಲೆ ಎಂಬ ವಾಯಿದೆಗೆ ಆತ ಅವಕಾಶ ಕೊಡಲಿಲ್ಲ. ಅವರು ಒಪ್ಪಿದಾಗ ಯಾಜಕರನ್ನು ಕರೆಸಿ ಪ್ರಮಾಣ ಮಾಡಿಸಿದನು.

ಆ ಮಾತಿಗೆ ಬೆಲೆ ಬಂದದ್ದು ಆಡಿದವನ ನಡತೆಯಿಂದ. ಹನ್ನೆರಡು ವರ್ಷ ರಾಜ್ಯಪಾಲನಾಗಿದ್ದರೂ ನೆಹೆಮೀಯನು ಆ ಪದವಿಗೆ ಸಲ್ಲಬೇಕಾದ ಆಹಾರಭತ್ಯವನ್ನು ತೆಗೆದುಕೊಳ್ಳಲಿಲ್ಲ. ಹಿಂದಿನವರು ಜನರಿಂದ ಅನ್ನಪಾನಗಳಲ್ಲದೆ ನಲವತ್ತು ಶೆಕೆಲ್ ಬೆಳ್ಳಿಯನ್ನೂ ಕಿತ್ತುಕೊಳ್ಳುತ್ತಿದ್ದರು. ಈತನ ಪಂಕ್ತಿಯಲ್ಲಿ ದಿನವೂ ನೂರೈವತ್ತು ಮಂದಿ ಊಟಮಾಡುತ್ತಿದ್ದರೂ ಆ ಹೊರೆಯನ್ನು ಜನರ ಮೇಲೆ ಹೊರಿಸಲಿಲ್ಲ. ಬಡವರ ಹೊಲ ಅಗ್ಗವಾಗಿ ಸಿಕ್ಕುವ ಕಾಲದಲ್ಲಿ ಆತ ಹೊಲ ಕೊಳ್ಳಲಿಲ್ಲ.

ವೈರಿಗಳು ಮಾತುಕತೆಯ ನೆಪದಲ್ಲಿ ಆತನನ್ನು ಓನೋ ಬಯಲಿಗೆ ನಾಲ್ಕು ಸಲ ಕರೆದರು. ಕೈಯಲ್ಲಿರುವ ಕೆಲಸ ದೊಡ್ಡದೆಂದು ನಾಲ್ಕು ಸಲವೂ ಆತ ನಿರಾಕರಿಸಿದನು. ಪ್ರಾಣಭಯದಿಂದ ದೇವಾಲಯದೊಳಗೆ ಅಡಗಿಕೊಳ್ಳುವಂತೆ ಒಬ್ಬನು ಪ್ರೇರೇಪಿಸಿದಾಗ ಅದಕ್ಕೂ ಒಪ್ಪಲಿಲ್ಲ. ಕೊನೆಗೆ ಎಲೂಲ್ ತಿಂಗಳ ೨೫ನೆಯ ದಿನ, ೫೨ ದಿನಗಳಲ್ಲಿ, ಗೋಡೆ ಪೂರ್ಣವಾಯಿತು.

ಗೋಡೆ ಮುಗಿದ ಮೇಲೆ

ಇಲ್ಲಿಗೆ ಕಥೆ ಮುಗಿಯಿತೆಂದು ನಾವು ತಿಳಿದರೆ ನೆಹೆಮೀಯನನ್ನು ಅರ್ಧ ಮಾತ್ರ ತಿಳಿದಂತೆ. ಗೋಡೆಯೊಳಗೆ ಊರು ವಿಶಾಲವಾಗಿತ್ತು, ಜನ ಮಾತ್ರ ವಿರಳ. ಆದುದರಿಂದ ಚೀಟು ಹಾಕಿ, ಹತ್ತು ಜನರಲ್ಲಿ ಒಬ್ಬರು ಜೆರುಸಲೇಮಿಗೆ ಬಂದು ನೆಲಸುವಂತೆ ಏರ್ಪಾಡಾಯಿತು. ಏಳನೆಯ ತಿಂಗಳ ಮೊದಲ ದಿನ ನೀರುಬಾಗಿಲ ಮುಂದಿನ ಬಯಲಿನಲ್ಲಿ ಎಜ್ರನು ಬೆಳಗಿನಿಂದ ನಡುಮಧ್ಯಾಹ್ನದವರೆಗೆ ಧರ್ಮಶಾಸ್ತ್ರವನ್ನು ಓದಿದನು. ಲೇವಿಯರು ಜನರಿಗೆ ಅರ್ಥವಾಗುವಂತೆ ವಿವರಿಸಿದರು. ಕೇಳಿದವರು ಅತ್ತರು. ಅಂದು ಅಳಬಾರದೆಂದೂ, ಹಬ್ಬದೂಟ ಮಾಡಿ, ಏನೂ ಇಲ್ಲದವರ ಮನೆಗೆ ಪಾಲು ಕಳುಹಿಸಬೇಕೆಂದೂ ಅವರಿಗೆ ಬೋಧಿಸಲಾಯಿತು. ಗೋಡೆಯ ಪ್ರತಿಷ್ಠೆಯ ದಿನ ಎರಡು ಗಾಯಕವೃಂದಗಳು ಗೋಡೆಯ ಮೇಲೆ ನಡೆದು ಸ್ತುತಿ ಹಾಡಿದವು. ಆ ಆನಂದಧ್ವನಿ ದೂರದವರೆಗೆ ಕೇಳಿಸಿತು.

ಕ್ರಿ.ಪೂ. ೪೩೩ರಲ್ಲಿ ನೆಹೆಮೀಯನು ಚಕ್ರವರ್ತಿಯ ಬಳಿಗೆ ಹಿಂದಿರುಗಿದನು. ಕೆಲಕಾಲದ ನಂತರ ಮತ್ತೆ ಬಂದು ನೋಡಿದಾಗ ಗೋಡೆ ಗಟ್ಟಿಯಾಗಿಯೇ ಇತ್ತು, ಜನರು ಸಡಿಲವಾಗಿದ್ದರು. ದಶಮಾಂಶದ ಧಾನ್ಯವನ್ನಿಡುವ ದೇವಾಲಯದ ಕೋಣೆಯನ್ನು ಯಾಜಕ ಎಲ್ಯಾಷೀಬನು ಅದೇ ಹಳೆಯ ವೈರಿ ಟೋಬೀಯನಿಗೆ ಬಿಟ್ಟುಕೊಟ್ಟಿದ್ದನು. ಪಾಲು ಸಿಗದ ಲೇವಿಯರು ಸೇವೆ ಬಿಟ್ಟು ಹೊಲಗಳಿಗೆ ಹೋಗಿದ್ದರು. ಸಬ್ಬತ್ ದಿನದಲ್ಲಿ ವ್ಯಾಪಾರ ನಡೆಯುತ್ತಿತ್ತು. ನೆಹೆಮೀಯನು ಟೋಬೀಯನ ಸಾಮಾನುಗಳನ್ನು ಹೊರಗೆ ಎಸೆಸಿ, ಕೋಣೆಯನ್ನು ಶುದ್ಧಗೊಳಿಸಿ, ಎಲ್ಲವನ್ನೂ ಮೊದಲಿನಿಂದ ಸರಿಪಡಿಸತೊಡಗಿದನು. ಆತನ ಕೆಲವು ಕ್ರಮಗಳು ಬಿರುಸಾಗಿದ್ದವು. ಅನ್ಯಜನರಲ್ಲಿ ಮದುವೆಯಾದ ಕೆಲವರನ್ನು ಹೊಡೆದು ಕೂದಲು ಕಿತ್ತದ್ದನ್ನು ಆತನ ಗ್ರಂಥವೇ ತಿಳಿಸುತ್ತದೆ. ಅದನ್ನು ನಾವು ಅನುಕರಿಸಬೇಕಾಗಿಲ್ಲ. ಆದರೆ ಮುಗಿಯಿತೆಂದು ಕೈತೊಳೆದುಕೊಳ್ಳದ ಆತನ ನಿಷ್ಠೆ ಅನುಕರಣೀಯ. ದೇವರು ತನ್ನನ್ನು ಒಳ್ಳೆಯದಕ್ಕಾಗಿ ನೆನೆಯಲೆಂಬ ಕಿರುಪ್ರಾರ್ಥನೆಯೊಂದಿಗೆ ಗ್ರಂಥ ಮುಗಿಯುತ್ತದೆ. ಆತನ ಮರಣದ ವಿವರ ಅದರಲ್ಲಿಲ್ಲ. ಅರಸರ, ಪ್ರವಾದಿಗಳ ಹಾಗೂ ದಾವೀದನ ಬರಹಗಳನ್ನು ಸಂಗ್ರಹಿಸಿ ಗ್ರಂಥಾಲಯವೊಂದನ್ನು ಆತ ಸ್ಥಾಪಿಸಿದನೆಂದು ಮಕ್ಕಬಿಯರ ಎರಡನೆಯ ಗ್ರಂಥ ಸ್ಮರಿಸುತ್ತದೆ. ಸಿರಾಖನ ಗ್ರಂಥವು ಗೋಡೆಯನ್ನು ಮತ್ತೆ ಎತ್ತಿ ನಿಲ್ಲಿಸಿದವನೆಂದು ಕೊಂಡಾಡುತ್ತದೆ.

ನಮ್ಮ ಪಾಲಿನ ಕೆಲಸ

ಮೋಶೆಯ ಧರ್ಮಶಾಸ್ತ್ರದಲ್ಲಿ ಪ್ರತಿ ಐವತ್ತನೆಯ ವರ್ಷವು ಜುಬಿಲಿ ವರ್ಷ. ಅಂದು ತುತ್ತೂರಿ ಊದಿ, ಪರರ ಪಾಲಾದ ಭೂಮಿಯನ್ನು ಮೂಲ ಮನೆತನಕ್ಕೆ ಹಿಂದಿರುಗಿಸಬೇಕು, ಜೀತದಲ್ಲಿದ್ದವರನ್ನು ಬಿಡುಗಡೆ ಮಾಡಬೇಕು ಎಂಬುದು ವಿಧಿ. ಆ ಲೆಕ್ಕದಲ್ಲಿ ನೂರನೆಯ ವರ್ಷವೆಂದರೆ ಎರಡನೆಯ ಜುಬಿಲಿ. ದೇವಾಲಯಕ್ಕೆ ಬಣ್ಣ ಬಳಿಯುವುದು, ದೀಪಾಲಂಕಾರ ಮಾಡುವುದು, ತೇರು ಎಳೆಯುವುದು ಇವೆಲ್ಲ ಸಂತೋಷದ ಕಾರ್ಯಗಳೇ. ಅವು ಕೆಲವು ವಾರಗಳಲ್ಲಿ ಮುಗಿಯುತ್ತವೆ. ಮುಗಿಯದಿರುವ ಕೆಲಸವನ್ನು ನೆಹೆಮೀಯನು ನಮಗೆ ತೋರಿಸಿದ್ದಾನೆ.

ಒಂದೇ ಬಲಿಪೀಠದ ಮುಂದೆ ಮೊಣಕಾಲೂರುವ ಇಬ್ಬರಲ್ಲಿ ಒಬ್ಬನ ಪೆಟ್ಟಿಗೆಯಲ್ಲಿ ಇನ್ನೊಬ್ಬನ ಹೊಲದ ಅಡವುಪತ್ರವಿರಬಹುದು. ಅಸಲು ಎಂದೋ ಸಂದಿದ್ದರೂ ಬಡ್ಡಿಯ ಲೆಕ್ಕ ಮುಗಿಯದಿರಬಹುದು. ತಂದೆಯ ಆಸ್ತಿಯಲ್ಲಿ ಅಕ್ಕತಂಗಿಯರಿಗೆ ಸಲ್ಲಬೇಕಾದುದು ಸಲ್ಲದಿರಬಹುದು. ಮದುವೆಗಾಗಿಯೋ ಆಸ್ಪತ್ರೆಗಾಗಿಯೋ ಮಾಡಿದ ಸಾಲಕ್ಕೆ ಒಡವೆ ಒತ್ತೆಯಿಟ್ಟ ತಾಯಿ ಪೂಜೆಗೆ ಬರಲೂ ನಾಚಿ ಮನೆಯಲ್ಲೇ ಉಳಿದಿರಬಹುದು. ಇಂಥ ಬಿರುಕುಗಳನ್ನು ಸುಣ್ಣ ಬಳಿದು ಮುಚ್ಚಲಾಗದು. ಅವನ್ನು ಮುಚ್ಚಬಲ್ಲವನು ಪತ್ರವನ್ನು ಹಿಡಿದಿರುವವನೊಬ್ಬನೇ.

ಈ ಸಂಚಿಕೆಯ ಪುಟಗಳಲ್ಲಿ ದಾನಿಗಳ ಹೆಸರುಗಳು ಅಚ್ಚಾಗಿವೆ. ಅವರಿಗೆ ನಮ್ಮ ಕೃತಜ್ಞತೆ ಸಲ್ಲುತ್ತದೆ. ಜೊತೆಗೆ ಅಚ್ಚಾಗದ ಇನ್ನೊಂದು ಪಟ್ಟಿಯೂ ಈ ವರ್ಷ ಬೆಳೆಯಲೆಂದು ನಾವು ಹಾರೈಸುತ್ತೇವೆ. ಯಾರಿಗೂ ತಿಳಿಸದೆ ಒಂದು ಪತ್ರವನ್ನು ಹಿಂದಿರುಗಿಸಿದವರು, ಒಂದು ಬಡ್ಡಿಯನ್ನು ಬಿಟ್ಟವರು, ಮಾತು ಬಿಟ್ಟ ಸಹೋದರನ ಮನೆಯ ಕದ ತಟ್ಟಿದವರು ಆ ಪಟ್ಟಿಯಲ್ಲಿರುತ್ತಾರೆ. ಅದಕ್ಕಾಗಿ ಶತಮಾನೋತ್ಸವದ ಸಮಾರೋಪದವರೆಗೆ ಕಾಯಬೇಕಾಗಿಲ್ಲ. ನೆಹೆಮೀಯನು ಕೇಳಿದ್ದು ಅದೇ ದಿನ.