ಭದ್ರಾವತಿಯ ಕುಲುಮೆ ಮತ್ತು ಸರ್ ಎಂ. ವಿಶ್ವೇಶ್ವರಯ್ಯ

ಕೆಂಗೇರಿ ಸುತ್ತಿನ ಶಾಲೆಗಳ ಮಕ್ಕಳಿಗೆ ವಿಶ್ವೇಶ್ವರಯ್ಯ ಎಂದರೆ ಮೊದಲು ನೆನಪಾಗುವುದು ಬಡಾವಣೆ, ಆಮೇಲೆ ಮೆಟ್ರೋ ನಿಲ್ದಾಣ. ಇನ್ನೂ ಕೇಳಿದರೆ ಕನ್ನಂಬಾಡಿ ಕಟ್ಟೆ ಎನ್ನುತ್ತಾರೆ. ಕಬ್ಬಿಣ ಎಂದು ಹೇಳುವವರು ಕಡಿಮೆ. ಹತ್ತನೇ ತರಗತಿಯ ‘ಲೋಹಗಳು ಮತ್ತು ಅಲೋಹಗಳು’ ಘಟಕವನ್ನು ಬೋಧಿಸುವಾಗ ಅವರ ಜೀವನದ ಈ ಭಾಗ ನಮಗೆ ಬಹಳ ಉಪಯುಕ್ತ. ಅದಿರಿನ ಕಲ್ಮಷ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ನಮ್ಮ ರಾಜ್ಯದಲ್ಲೇ ಒಂದು ಉತ್ತರವಿದೆ.

ಬಾಲ್ಯ ಮತ್ತು ವೃತ್ತಿ

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿ ಅವರ ಹುಟ್ಟೂರು. ಅವರು ಹುಟ್ಟಿದ ಸೆಪ್ಟೆಂಬರ್ 15 ಇಂದು ಎಂಜಿನಿಯರುಗಳ ದಿನ. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳಿಕೊಡುತ್ತ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಅಂದರೆ ಎಂಜಿನಿಯರ್ ಆಗುವ ಮೊದಲೇ ಅವರು ಮೇಷ್ಟರಾಗಿದ್ದರು. ಪುಣೆಯಲ್ಲಿ ಎಂಜಿನಿಯರಿಂಗ್ ಓದಿ 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ರೂಪಿಸಿದ ಸ್ವಯಂಚಾಲಿತ ಗೇಟುಗಳು ಹೆಸರು ತಂದವು. 1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆದರು. 1912ರಿಂದ 1918ರವರೆಗೆ ದಿವಾನರಾಗಿದ್ದರು. ಮೈಸೂರು ಬ್ಯಾಂಕ್, ಮೈಸೂರು ವಿಶ್ವವಿದ್ಯಾನಿಲಯ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಎಲ್ಲವೂ ಆ ಕಾಲದವು.

ಕಬ್ಬಿಣದ ಕಾರ್ಖಾನೆ

ದಿವಾನಗಿರಿಯ ಕೊನೆಯ ವರ್ಷದಲ್ಲಿ, 1918ರಲ್ಲಿ, ಭದ್ರಾ ನದಿಯ ದಡದ ಬೆಂಕಿಪುರದಲ್ಲಿ ಕಬ್ಬಿಣದ ಕಾರ್ಖಾನೆ ಸ್ಥಾಪಿಸಲು ತೀರ್ಮಾನವಾಯಿತು. ಆ ಬೆಂಕಿಪುರವೇ ಇಂದಿನ ಭದ್ರಾವತಿ. ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು, ಸುತ್ತ ಮಲೆನಾಡಿನ ಕಾಡಿತ್ತು. ಆದರೆ ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ. ಆದ್ದರಿಂದ ಕಟ್ಟಿಗೆಯಿಂದ ಮಾಡಿದ ಇದ್ದಿಲನ್ನೇ ಬಳಸುವ ಊದುಕುಲುಮೆಯನ್ನು ನಿಲ್ಲಿಸಿದರು. 1923ರ ಜನವರಿಯಲ್ಲಿ ಅದರಿಂದ ಕಬ್ಬಿಣ ಹೊರಬಂತು.

ಇದ್ದಿಲು ಅನಿವಾರ್ಯವಾಗಿ ಬಂದರೂ ಅದರಲ್ಲಿ ಒಂದು ಗುಣವಿತ್ತು. ಕಲ್ಲಿದ್ದಲಿನಿಂದ ಮಾಡುವ ಕೋಕ್‌ನಲ್ಲಿ ಗಂಧಕ ಇರುತ್ತದೆ, ಅದು ಕಬ್ಬಿಣಕ್ಕೆ ಸೇರಿ ಲೋಹವನ್ನು ಕೆಡಿಸುತ್ತದೆ. ಇದ್ದಿಲಿನಲ್ಲಿ ಗಂಧಕ ತೀರಾ ಕಡಿಮೆ. ಹಾಗಾಗಿ ಭದ್ರಾವತಿಯ ಬೀಡು ಕಬ್ಬಿಣ ಆ ಮಟ್ಟಿಗೆ ಶುದ್ಧವಾಗಿತ್ತು, ಅಮೆರಿಕಕ್ಕೂ ಹೋಯಿತು.

ಕಿಟ್ಟ ಬರುವ ಬಗೆ

ಅದಿರಿನ ಜೊತೆ ಮಣ್ಣು, ಮರಳು ಬಂದೇ ಬರುತ್ತವೆ. ಮರಳಿನ ಸಿಲಿಕಾ ಕುಲುಮೆಯ ಶಾಖಕ್ಕೆ ಸುಲಭವಾಗಿ ಕರಗಿ ಹರಿಯುವುದಿಲ್ಲ. ಅದನ್ನು ಹೊರಗೆ ತರಲು ಇನ್ನೊಂದು ವಸ್ತುವನ್ನು ಒಳಗೆ ಹಾಕಬೇಕು. ಆ ವಸ್ತುವೇ ಸುಣ್ಣಕಲ್ಲು. ಶಾಖಕ್ಕೆ ಸುಣ್ಣಕಲ್ಲು ಒಡೆದು ಕ್ಯಾಲ್ಸಿಯಂ ಆಕ್ಸೈಡ್ ಆಗುತ್ತದೆ. ಅದು ಪ್ರತ್ಯಾಮ್ಲೀಯ, ಸಿಲಿಕಾ ಆಮ್ಲೀಯ. ಎರಡೂ ಸೇರಿ ಕ್ಯಾಲ್ಸಿಯಂ ಸಿಲಿಕೇಟ್ ಆಗಿ ಕರಗುತ್ತವೆ. ಈ ದ್ರವವೇ ಕಿಟ್ಟ. ಆಮ್ಲ ಮತ್ತು ಪ್ರತ್ಯಾಮ್ಲಗಳ ಪಾಠಕ್ಕೆ ಇಲ್ಲಿಂದ ನೇರ ಸಂಬಂಧ ಕಲ್ಪಿಸಬಹುದು.

ಕರಗಿದ ಕಬ್ಬಿಣದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 7 ಗ್ರಾಂ, ಕಿಟ್ಟದ್ದು 3 ಗ್ರಾಂಗಿಂತ ಕಡಿಮೆ. ಹೀಗಾಗಿ ಕಿಟ್ಟ ಮೇಲೆ ತೇಲುತ್ತದೆ. ಊದುವ ಗಾಳಿ ತಗುಲಿ ಕಬ್ಬಿಣ ಮತ್ತೆ ಆಕ್ಸೈಡ್ ಆಗದಂತೆ ಹೊದಿಕೆಯಾಗಿಯೂ ನಿಲ್ಲುತ್ತದೆ. ಕುಲುಮೆಯ ತಳದಲ್ಲಿ ಎರಡು ಕಂಡಿಗಳಿರುತ್ತವೆ: ಮೇಲಿನದು ಕಿಟ್ಟಕ್ಕೆ, ಕೆಳಗಿನದು ಕಬ್ಬಿಣಕ್ಕೆ.

ಕೆಲಸ ಇಲ್ಲಿಗೆ ಮುಗಿಯುವುದಿಲ್ಲ. ಕಬ್ಬಿಣವನ್ನು ಅಚ್ಚಿಗೆ ಸುರಿಯುವಾಗ ಗಾಳಿ ತಗುಲಿ ಮೇಲ್ಮೈಯಲ್ಲಿ ಮತ್ತೆ ಆಕ್ಸೈಡಿನ ಪೊರೆ ಕಟ್ಟುತ್ತದೆ. ಹರಿಯುವ ದಾರಿಯ ಮರಳೂ ಅದಕ್ಕೆ ಸೇರುತ್ತದೆ. ಎರಕದವರು ಹಾಲಿನ ಕೆನೆ ತೆಗೆದಂತೆ ಅದನ್ನು ಪಕ್ಕಕ್ಕೆ ಎಳೆದು, ಅಡಿಯ ಲೋಹವನ್ನಷ್ಟೇ ಅಚ್ಚಿಗೆ ಬಿಡುತ್ತಾರೆ. ಆ ಪೊರೆ ಅಚ್ಚಿನೊಳಗೆ ಹೋದರೆ ಹೊರಗಿನಿಂದ ಏನೂ ಕಾಣದಿರಬಹುದು. ಆದರೆ ಅಂಥ ನೀರಿನ ಕೊಳವೆ ಒತ್ತಡ ಬಿದ್ದಾಗ ಅಲ್ಲಿಯೇ ಸೀಳುತ್ತದೆ. ಎರಡನ್ನೂ ಕಿಟ್ಟ ಎಂದೇ ಕರೆಯುವ ರೂಢಿಯಿದೆ. ಒಂದು ನಾವು ಬೇಕೆಂದೇ ಉಂಟುಮಾಡುವುದು, ಇನ್ನೊಂದು ಬೇಡವೆಂದರೂ ಬರುವುದು. ತರಗತಿಯಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಬೇಕು.

ನಷ್ಟದ ವರ್ಷಗಳು

ಕುಲುಮೆ ಉರಿಯತೊಡಗಿದ ಹೊತ್ತಿಗೆ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಇಳಿದಿತ್ತು. ಕಾರ್ಖಾನೆ ನಷ್ಟದಲ್ಲಿ ನಡೆಯಿತು, ಟೀಕೆಗಳು ಬಂದವು. ದಿವಾನಗಿರಿ ಬಿಟ್ಟು ಐದು ವರ್ಷವಾಗಿದ್ದ ವಿಶ್ವೇಶ್ವರಯ್ಯನವರು 1923ರಲ್ಲಿ ಆಡಳಿತ ಮಂಡಲಿಯ ಅಧ್ಯಕ್ಷತೆ ವಹಿಸಿಕೊಂಡರು. ಅರವತ್ತು ದಾಟಿದ ವಯಸ್ಸು. ದೂರದಿಂದ ಸಲಹೆ ಕೊಟ್ಟು ಸುಮ್ಮನಿರಬಹುದಿತ್ತು; ಹಾಗೆ ಮಾಡಲಿಲ್ಲ. ಖರ್ಚಿನ ಪ್ರತಿ ಬಾಬನ್ನೂ ಲೆಕ್ಕಕ್ಕೆ ತಂದರು. ದುಬಾರಿ ಸಂಬಳದ ವಿದೇಶಿ ತಜ್ಞರ ಜಾಗಕ್ಕೆ ಇಲ್ಲಿನ ಎಂಜಿನಿಯರುಗಳನ್ನು ತಂದರು. 1929ರವರೆಗೆ ಆ ಹೊಣೆ ಹೊತ್ತರು. ತಮ್ಮ ಈ ಸೇವೆಗೆ ಸಲ್ಲಬೇಕಾಗಿದ್ದ ಹಣವನ್ನು ಸ್ವಂತಕ್ಕೆ ಇಟ್ಟುಕೊಳ್ಳದೆ ಬೆಂಗಳೂರಿನಲ್ಲಿ ವೃತ್ತಿ ಶಿಕ್ಷಣ ಸಂಸ್ಥೆ ಸ್ಥಾಪಿಸಲು ಬಿಟ್ಟುಕೊಟ್ಟರು. ಅದೇ ಇಂದಿನ ಎಸ್.ಜೆ. ಪಾಲಿಟೆಕ್ನಿಕ್.

ಕಾರ್ಖಾನೆ 1936ರಲ್ಲಿ ಉಕ್ಕಿನ ತಯಾರಿಕೆಗೂ ಇಳಿಯಿತು. ವಿಶ್ವೇಶ್ವರಯ್ಯನವರಿಗೆ 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್‌ನಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಮುಂದೆ ಕಾರ್ಖಾನೆಗೆ ಅವರ ಹೆಸರನ್ನೇ ಇಟ್ಟರು. ಕುಲುಮೆಗೆ ನೂರು ತುಂಬಿದ 2023ರಲ್ಲೇ ಮುಚ್ಚುವ ನಿರ್ಧಾರ ಹೊರಬಿದ್ದು ಕಾರ್ಮಿಕರು ಹೋರಾಟಕ್ಕಿಳಿದರು. ಮಕ್ಕಳು ಈ ಭಾಗವನ್ನೂ ತಿಳಿದಿರಬೇಕು. ಕಾರ್ಖಾನೆ ಕಟ್ಟಿದವರ ಕಥೆ ಹೇಳಿ, ಅದರಲ್ಲಿ ದುಡಿಯುವವರ ಕಥೆ ಬಿಟ್ಟರೆ ಪಾಠ ಅರ್ಧವಾಗುತ್ತದೆ.

ತರಗತಿಯಲ್ಲಿ ಬಳಕೆ

ಪೀಠಿಕೆಗೆ ಆಲೆಮನೆಯನ್ನು ತೆಗೆದುಕೊಳ್ಳಬಹುದು. ಮೈಸೂರು ರಸ್ತೆಯಲ್ಲಿ ಮಂಡ್ಯದ ಕಡೆ ಹೋದವರು ಬೆಲ್ಲ ಮಾಡುವುದನ್ನು ನೋಡಿರುತ್ತಾರೆ. ಕುದಿಯುವ ಕಬ್ಬಿನ ಹಾಲಿಗೆ ಸುಣ್ಣ ಹಾಕಿ, ಮೇಲೆ ಬರುವ ಕಶ್ಮಲವನ್ನು ತೆಗೆಯುತ್ತಾರೆ. ಅಲ್ಲೂ ಸುಣ್ಣವೇ, ಆದರೆ ನಡೆಯುವ ಕ್ರಿಯೆ ಬೇರೆ. ಹೋಲಿಕೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಶಿಕ್ಷಕರು ಹೇಳಲೇಬೇಕು.

ಚಟುವಟಿಕೆಗೆ ಒಂದು ಪಾರದರ್ಶಕ ಬಾಟಲಿ ಸಾಕು. ಪಕ್ಕದಲ್ಲಿ ಬೇರೆ ಬೇರೆ ಎತ್ತರದಲ್ಲಿ ಎರಡು ತೂತು ಮಾಡಿ ಬಿರಡೆ ಹಾಕಬೇಕು. ಎರಡು ತೂತುಗಳ ನಡುವಿನ ಮಟ್ಟಕ್ಕೆ ಬಣ್ಣದ ನೀರು, ಅದರ ಮೇಲೆ ಮೇಲಿನ ತೂತು ಮುಳುಗುವಷ್ಟು ಅಡುಗೆ ಎಣ್ಣೆ ಹಾಕಬೇಕು. ಮೇಲಿನ ಬಿರಡೆ ತೆಗೆದರೆ ಎಣ್ಣೆ, ಕೆಳಗಿನದು ತೆಗೆದರೆ ನೀರು. ಕುಲುಮೆಯ ಎರಡು ಕಂಡಿ ಇದ್ದಂತೆ.

ಮೌಲ್ಯಮಾಪನಕ್ಕೆ ಮೂರು ಪ್ರಶ್ನೆಗಳು: ಕಲ್ಮಷ ತೆಗೆಯಲು ಕುಲುಮೆಗೆ ಸುಣ್ಣಕಲ್ಲನ್ನು ಏಕೆ ಸೇರಿಸಬೇಕು? ಕುಲುಮೆಯಲ್ಲೇ ಬೇರ್ಪಟ್ಟ ಲೋಹವನ್ನು ಸುರಿಯುವಾಗ ಮತ್ತೆ ಏಕೆ ಶುದ್ಧಗೊಳಿಸಬೇಕು? ಕಲ್ಲಿದ್ದಲು ಇಲ್ಲದ ಸಂಸ್ಥಾನ ಇದ್ದಿಲನ್ನು ಆರಿಸಿಕೊಂಡದ್ದರಿಂದ ಕಬ್ಬಿಣಕ್ಕೆ ಆದ ಲಾಭವೇನು, ಕಾಡಿಗೆ ಆದ ನಷ್ಟವೇನು? ಕೊನೆಯ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಅದನ್ನು ಗುಂಪು ಚರ್ಚೆಗೆ ಬಿಡುವುದು ಒಳ್ಳೆಯದು.